ಧಾರವಾಡ ಎಂದು ಹೇಳಿದ್ದೆ

ನನಗೆ ತುಳು ಬರುತ್ತದೆ. ಒಂಬತ್ತು ವರ್ಷಗಳ ಹಿಂದೆ ಹಾರ್ಲೆಮ್‌ನ ಆ ಕೋಣೆಯಲ್ಲಿ ಕುಳಿತಿದ್ದಾಗಲೂ ಬರುತ್ತಿತ್ತು. ಬರುವುದಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ — ಹಾಗೆ ನೇರವಾಗಿ ಸುಳ್ಳು ಹೇಳುವ ಧೈರ್ಯವೂ ನನಗಿರಲಿಲ್ಲ. ಯಾವೂರು ಎಂದು ಕೇಳಿದವರಿಗೆ ಧಾರವಾಡ ಎಂದೆ, ಅಷ್ಟೇ. ಆ ಒಂದು ಮಾತನ್ನು ನಂಬಿ ಇಬ್ಬರು ಗೆಳೆಯರು ನನ್ನೆದುರೇ ತುಳುವಿನಲ್ಲಿ ತಮ್ಮ ಗುಟ್ಟು ಮಾತಾಡಿಕೊಂಡರು. ನಾನು ಅದನ್ನು ಕದ್ದು ನನ್ನ ಸಂಸ್ಥೆಯವರಿಗೆ ಕೊಟ್ಟೆ. ದೇಶವೇನೂ ಮುಳುಗಲಿಲ್ಲ. ಅವರಿಬ್ಬರ ಮೂವತ್ತು ವರ್ಷದ ಸ್ನೇಹ ಮುಳುಗಿತು.

ಹೋದ ತಿಂಗಳು ಅವರಲ್ಲೊಬ್ಬರ ಮುಂದೆ ಕುಳಿತು ಇದನ್ನೆಲ್ಲ ಹೇಳಿ ಬಂದೆ. ಆಮೇಲೆ ಎರಡು ದಿನ ಮನೆಯಲ್ಲಿ ಸುಮ್ಮಸುಮ್ಮನೆ ಓಡಾಡಿದೆ. ವರ್ಷಗಟ್ಟಲೆ ಇದ್ದ ಹಲ್ಲುನೋವು ನಿಂತಾಗ ನಾಲಗೆ ಆ ಜಾಗವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತದಲ್ಲ, ಹಾಗಾಗಿತ್ತು. ನೋವು ಇಲ್ಲ — ಇಲ್ಲ ಎನ್ನುವುದನ್ನು ನಂಬುವುದಕ್ಕೇ ಸಮಯ ಹಿಡಿಯಿತು. ಈಗ ಬರೆಯುತ್ತಿರುವುದು ಅದಕ್ಕಾಗಿಯೇ, ಹಗುರಾದ ಕೈಯಿಂದ.

ನಾನು ಸುಜಾತಾ ಕುಲಕರ್ಣಿ. ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ, ದೀಪಸ್ತಂಭ ಕಾಣುವಷ್ಟು ಹತ್ತಿರದ ಮನೆಯಲ್ಲಿ. ಕುಲಕರ್ಣಿ ಎನ್ನುವುದು ಗಂಡ ಶ್ರೀನಿವಾಸನ ಕಡೆಯಿಂದ ಬಂದದ್ದು. ಅವನು ಧಾರವಾಡದವನು, ಬೆಂಗಳೂರಿನಲ್ಲಿ ಓದುವಾಗ ಪರಿಚಯವಾಗಿ, ಎರಡೂ ಮನೆಯವರ ಮುನಿಸು ಇಳಿಯುವವರೆಗೆ ಕಾದು ಮದುವೆಯಾದೆವು. ಹದಿನೈದು ವರ್ಷದಿಂದ ಡಚ್ಚರ ನಾಡಿನ ಈ ಹಾರ್ಲೆಮ್‌ನಲ್ಲಿದ್ದೇವೆ. ಮನೆಯೊಳಗೆ ಅವನ ಕನ್ನಡ, ನನ್ನ ಕನ್ನಡ, ಮಗಳ ಡಚ್ಚು. ತುಳುವಿಗೆ ಜಾಗ ಇದ್ದದ್ದು ಅಮ್ಮನ ಫೋನಿನಲ್ಲಿ ಮಾತ್ರ. ನಾನು ಹೇಳಹೊರಟ ಆ ಸಭೆ ನಡೆಯುವ ಹೊತ್ತಿಗೆ ಅಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು.

ಆಗ ನಾನು ಇಂಧನದ ಒಪ್ಪಂದಗಳಿಗೆ ಸಲಹೆ ಕೊಡುವ ಒಂದು ಚಿಕ್ಕ ಸಂಸ್ಥೆಯಲ್ಲಿದ್ದೆ. ಗಲ್ಫ್‌ನ ಒಂದು ದೇಶ ನಮ್ಮನ್ನು ಕರೆದುಕೊಂಡಿತ್ತು. ಯಾವುದೆಂದು ಹೇಳುವುದಿಲ್ಲ, ಅದರ ತಪ್ಪು ಇದರಲ್ಲಿ ಏನೂ ಇಲ್ಲ. ಆ ದೇಶದ ಸಮುದ್ರದ ಕೆಳಗೆ ಅನಿಲ ಮುಗಿಯದಷ್ಟು ಇತ್ತು. ಮೇಜಿನ ಆಚೆ ಕುಳಿತಿದ್ದವರು ನಮ್ಮ ಭಾರತದ ಕಂಪನಿಯವರು. ನಮ್ಮಲ್ಲಿ ದಿನಕ್ಕೊಂದು ಕಾರ್ಖಾನೆ ಏಳುತ್ತಿತ್ತು. ಗೊಬ್ಬರಕ್ಕೆ, ಗಾಜಿಗೆ, ಉಕ್ಕಿಗೆ, ಹೆಂಚಿನ ಭಟ್ಟಿಗೆ ಎಲ್ಲಕ್ಕೂ ಅನಿಲ ಬೇಕಾಗಿತ್ತು. ಇಬ್ಬರಿಗೂ ಇಬ್ಬರೂ ಬೇಕು. ಮುಂದಿನ ಇಪ್ಪತ್ತು ವರ್ಷಕ್ಕೆ ಕಟ್ಟಿಹಾಕುವ ಸಂಬಂಧ ಅದು. ನಮ್ಮೂರಲ್ಲಿ ಹೆಣ್ಣು ನೋಡುವ ಶಾಸ್ತ್ರವೂ ಅಷ್ಟು ಬಿಗುವಿನಿಂದ ನಡೆಯುವುದಿಲ್ಲ.

ಎಲ್ಲ ಒಪ್ಪಿಗೆಯಾಗಿ ಒಂದೇ ಒಂದು ಷರತ್ತಿನಲ್ಲಿ ಮಾತು ಸಿಕ್ಕಿಕೊಂಡಿತ್ತು. ಅನಿಲ ತುಂಬಿದ ಹಡಗು ಭಾರತದ ಬಂದರಿಗೇ ಹೋಗಬೇಕು, ಬೇರೆಲ್ಲಿಗೂ ತಿರುಗಿಸುವಂತಿಲ್ಲ ಎಂಬುದು ಅನಿಲದ ದೇಶದ ಪಟ್ಟು. ನಮಗೆ ಒಂದು ತಿಂಗಳು ಬೇಡವಾದರೆ ಅದೇ ಹಡಗನ್ನು ಬೇರೆ ದೇಶಕ್ಕೆ ಮಾರುವ ಹಕ್ಕು ಬೇಕು ಎಂಬುದು ಭಾರತದ ಪಟ್ಟು. ಮೇಲ್ನೋಟಕ್ಕೆ ಸಣ್ಣ ವಿಷಯ. ಒಳಗೆ ಹೊಕ್ಕು ನೋಡಿದರೆ ಅದೇ ದೊಡ್ಡದು. ಕೊಟ್ಟದ್ದನ್ನು ಉರಿಸಿಕೊಂಡು ಕೂರುವ ಗಿರಾಕಿಯಾಗಿಯೇ ಉಳಿಯುವುದೋ, ಸಮನಾಗಿ ನಿಂತು ವ್ಯಾಪಾರ ಮಾಡುವುದೋ — ನಮ್ಮ ದೇಶ ಅಂದು ಕೇಳುತ್ತಿದ್ದದ್ದು ಅದನ್ನು. ಅನಿಲದ ದೇಶದವರಿಗೂ ಭಯ ಇತ್ತು: ಇವತ್ತು ಕೊಂಡವನು ನಾಳೆ ನಮ್ಮ ಸರಕನ್ನೇ ಹಿಡಿದುಕೊಂಡು ನಮ್ಮ ಪಕ್ಕದಲ್ಲಿ ಅಂಗಡಿ ತೆರೆದರೆ?

ಎರಡು ಕಡೆಯವರಿಗೂ ಹೊರಗಿನದಾದ ಊರು ಇರಲಿ ಎಂದು ಸಭೆಯನ್ನು ಹಾರ್ಲೆಮ್‌ನಲ್ಲಿ ಇಟ್ಟಿದ್ದರು, ಸ್ಪಾರ್ನ ನದಿಯ ದಂಡೆಯ ಒಂದು ಹಳೆಯ ಕಟ್ಟಡದಲ್ಲಿ. ನನ್ನ ಮೇಲಿನವನು ವಿಲ್ಲೆಮ್. ಒಳ್ಳೆಯ ಎತ್ತರದ, ಮಾತು ಕಡಿಮೆಯ ಮನುಷ್ಯ. ಅವನು ಅನಿಲದ ದೇಶದವರ ಪಕ್ಕದಲ್ಲಿ ಕುಳಿತು ಅವರ ಪರವಾಗಿ ಮಾತಾಡುತ್ತಿದ್ದ. ನಾನು ಮೇಜಿನ ತುದಿಯಲ್ಲಿ ಕುಳಿತು ಯಾರು ಏನು ಹೇಳಿದರೆಂದು ಬರೆದುಕೊಳ್ಳುತ್ತಿದ್ದೆ. ಭಾರತದ ತಂಡದ ಮುಖ್ಯಸ್ಥರು ಪದ್ಮನಾಭ ಕೋಟ್ಯಾನ್. ಅವರ ಬಲಗೈ ಎಂಜಿನಿಯರ್ ಜಗನ್ನಾಥ ಬಂಗೇರ. ಇಬ್ಬರೂ ಮಂಗಳೂರು ಕಡೆಯವರು, ಒಂದೇ ಹಾಸ್ಟೆಲಿನ ಕೋಣೆಯಲ್ಲಿ ಚಾಪೆ ಹಂಚಿಕೊಂಡು ಓದಿದವರು, ಆಮೇಲೂ ಒಂದೇ ಕಂಪನಿ. ಉಳಿದಿಬ್ಬರು ಉತ್ತರ ಭಾರತದವರು.

ಮೊದಲ ದಿನ ಇಲ್ಲಿಯ ಪದ್ಧತಿಯಂತೆ ಎಲ್ಲರೂ ಮೇಜಿನ ಸುತ್ತ ಒಬ್ಬೊಬ್ಬರಾಗಿ ತಮ್ಮ ಹೆಸರು, ಕೆಲಸ ಹೇಳಿದರು. ನಾನು ‘ಕುಲಕರ್ಣಿ’ ಅಂದ ಕೂಡಲೇ ಕೋಟ್ಯಾನರ ಮುಖ ಅರಳಿತು. ಚಹಾದ ಹೊತ್ತಿಗೆ ಬಂದು ಕನ್ನಡದಲ್ಲಿ ಕೇಳಿದರು:

“ನೀವು ಕನ್ನಡದವರಾ ಮಾರಾಯ್ರೇ! ಯಾವೂರು?”

“ಧಾರವಾಡ,” ಅಂದೆ.

ಅದೊಂದೇ ಮಾತು. ಯಾಕೆ ಹಾಗಂದೆ ಎಂದು ಒಂಬತ್ತು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಕಾಪು ಅಂದರೆ ಯಾರ ಮನೆ, ಯಾರ ಮಗಳು, ಅಪ್ಪನ ಹೆಸರೇನು ಎಂದು ಶುರುವಾಗುತ್ತದೆ. ಎದುರು ಕಡೆಯವರ ಜೊತೆ ಬಳಕೆ ಬೇಡ ಎಂದು ವಿಲ್ಲೆಮ್ ಹೇಳಿದ್ದ. ಹೆಸರಿನ ಜೊತೆ ಗಂಡನ ಊರು ಹೇಳುವುದು ಅಭ್ಯಾಸವಾಗಿಯೂ ಹೋಗಿತ್ತು. ಇವೆಲ್ಲ ನಿಜವೇ. ಆದರೆ ಅಂದು ಸಂಜೆಯೊಳಗೆ ಸರಿಪಡಿಸಲು ನೂರು ಅವಕಾಶ ಸಿಕ್ಕಿತ್ತು. ಸರಿಪಡಿಸಲಿಲ್ಲ.

ಅವರ ಲೆಕ್ಕ ಸರಳವಾಗಿತ್ತು. ಇವಳಿಗೆ ಕನ್ನಡ ಬರುತ್ತದೆ, ಆದ್ದರಿಂದ ಕನ್ನಡದಲ್ಲಿ ಬೇಡ. ಧಾರವಾಡದವಳಿಗೆ ತುಳು ಎಲ್ಲಿಂದ ಬರಬೇಕು? ನಮ್ಮ ಕರಾವಳಿಯವರ ಹಳೆಯ ಚಾಳಿ ಇದು. ಮುಂಬೈಯ ಲೋಕಲ್‌ನಲ್ಲಿರಲಿ, ದುಬೈಯ ಲಿಫ್ಟಿನಲ್ಲಿರಲಿ, ಗುಟ್ಟು ಹೇಳಬೇಕಾದರೆ ತುಳುವಿಗೆ ಜಾರುವುದು, ಸುತ್ತಲಿನವರಿಗೆಲ್ಲ ಕಿವಿಯೇ ಇಲ್ಲ ಎಂಬ ಧೈರ್ಯದಲ್ಲಿ. ನಾನೂ ಅಮ್ಮನೂ ಬೆಂಗಳೂರಿನ ಸೀರೆ ಅಂಗಡಿಯಲ್ಲಿ ಅಂಗಡಿಯವನ ಎದುರೇ ಹಾಗೆ ಮಾಡಿದವರು.

ಮೊದಲಿಗೆ ಅವರು ಗುಟ್ಟೇನೂ ಮಾತಾಡಲಿಲ್ಲ, ತಮಾಷೆ ಮಾಡಿಕೊಂಡರು. ವಿಲ್ಲೆಮ್‌ನ ತಲೆ ಬಾಚಬೇಕಾದರೆ ಏಣಿ ಬೇಕು ಎಂದರು. ಊಟಕ್ಕೆ ಇಟ್ಟಿದ್ದ ಹಸಿ ಹೆರಿಂಗ್ ಮೀನನ್ನು ನೋಡಿ ಕೋಟ್ಯಾನರು ನಿಟ್ಟುಸಿರು ಬಿಟ್ಟು, “ಪಾಪ, ಇದಕ್ಕೆ ಒಂದಿಷ್ಟು ಮೆಣಸು-ಹುಳಿ ಅರೆದು ಹಚ್ಚುವವರು ಯಾರೂ ಇರಲಿಲ್ಲವಾ, ಅನಾಥ ಸಾವು,” ಎಂದರು, ತುಳುವಿನಲ್ಲಿ. ನಾನು ಕರ್ನೆಮೆಲ್ಕ್ ಎಂಬ ಇಲ್ಲಿಯ ಮಜ್ಜಿಗೆಯ ಲೋಟದೊಳಗೆ ಮುಖ ಇಟ್ಟುಕೊಂಡು ನಗು ನುಂಗಿದೆ. ಏಳು ತಿಂಗಳ ನಂತರ ಆ ಭಾಷೆ ನನ್ನ ಕಿವಿಗೆ ಬಿದ್ದಿತ್ತು. ಕೇಳುತ್ತಾ ಕೂರಬೇಕೆನಿಸಿತು. ನನಗೂ ಬರುತ್ತದೆ ಎಂದರೆ ಅವರು ನಿಲ್ಲಿಸಿಬಿಡುತ್ತಾರೆ — ಆ ಆಸೆಗೆ ಬಾಯಿ ಮುಚ್ಚಿಕೊಂಡೆ ಎಂದರೆ ಅದು ಸುಳ್ಳಲ್ಲ. ಆದರೆ ಅಷ್ಟೇ ಎಂದರೆ ಸುಳ್ಳಾಗುತ್ತದೆ.

ಯಾಕೆಂದರೆ ಮೂರನೆಯ ದಿನ ಮಧ್ಯಾಹ್ನ ಬಂತು. ಎಲ್ಲರೂ ಊಟದ ಕೋಣೆಗೆ ಹೋಗಿದ್ದರು. ನಾನು ಬೆಳಗಿನ ಟಿಪ್ಪಣಿ ಮುಗಿಸಲು ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಕೋಟ್ಯಾನರಿಗೆ ದಿಲ್ಲಿಯಿಂದ ಫೋನ್ ಬಂದಿತ್ತು. ಹೊರಗೆ ಮಾತಾಡಿ ಒಳಗೆ ಬಂದವರು ಬಂಗೇರರನ್ನು ಕಿಟಕಿಯ ಹತ್ತಿರ ಕರೆದರು. ನನ್ನಿಂದ ನಾಲ್ಕು ಹೆಜ್ಜೆ ದೂರ. ನನ್ನ ಕಡೆ ಒಮ್ಮೆ ನೋಡಿ ಮುಗುಳ್ನಕ್ಕರು, ಆಮೇಲೆ ತುಳುವಿನಲ್ಲಿ ಹೇಳಿದರು. ಹೇಗಾದರೂ ಈ ವಾರವೇ ಸಹಿ ಆಗಬೇಕಂತೆ. ಹಡಗು ತಿರುಗಿಸುವ ಹಕ್ಕನ್ನು ಮೊದಲ ವರ್ಷದಿಂದಲೇ ಕೇಳೋಣ. ಆಗದಿದ್ದರೆ ಎಂಟನೇ ವರ್ಷದಿಂದ ಕೊಡಿ ಅನ್ನೋಣ. ಅದಕ್ಕೂ ಒಪ್ಪದಿದ್ದರೆ ಆ ಮಾತನ್ನೇ ಬಿಟ್ಟು ಸಹಿ ಹಾಕುವುದು. ಎಂಟನೇ ವರ್ಷ ಎನ್ನುವುದು ದಿಲ್ಲಿಯವರು ಹೇಳಿದ್ದಲ್ಲ, ಈಗ ಬರುತ್ತಾ ದಾರಿಯಲ್ಲಿ ನನಗೇ ಹೊಳೆದದ್ದು ಎಂದರು. ಕೊನೆಗೆ ದನಿ ತಗ್ಗಿಸಿ, “ಏರೆಡಲಾ ಪನೊಡ್ಚಿ” — ಯಾರ ಹತ್ತಿರವೂ ಹೇಳಬೇಡ.

ನಾನು ಟೈಪು ಮಾಡುತ್ತಲೇ ಇದ್ದೆ. ಏನು ಟೈಪು ಮಾಡಿದೆನೋ ಗೊತ್ತಿಲ್ಲ, ಬೆರಳು ನಿಲ್ಲಿಸಲಿಲ್ಲ.

ಹತ್ತು ನಿಮಿಷದ ಮೇಲೆ ಕಾಫಿ ಯಂತ್ರದ ಹತ್ತಿರ ವಿಲ್ಲೆಮ್ ಸಿಕ್ಕ. ಅವನು ಕೇಳಿರಲಿಲ್ಲ, ನಾನೇ ಹೇಳಿದೆ. ಈ ವಾರ ಸಹಿಯಾಗಲೇಬೇಕಂತೆ. ಎಂಟನೇ ವರ್ಷದ ಮಾತು ಬರುತ್ತದೆ, ಒಪ್ಪಬೇಡಿ, ಅವರು ಬಿಟ್ಟುಕೊಡುತ್ತಾರೆ. ನಿನಗೆ ಹೇಗೆ ಗೊತ್ತು ಎಂದ. ಅವರು ಆಡುವ ಭಾಷೆ ನನ್ನ ತಾಯಿಯ ಭಾಷೆ ಎಂದೆ. ಅವನು ಲೋಟಕ್ಕೆ ಕಾಫಿ ತುಂಬಿಸಿಕೊಂಡ. “ಮೋಯ್,” ಎಂದ. ಚೆನ್ನಾಯಿತು ಎಂದು ಅದರ ಅರ್ಥ. ಒಳ್ಳೆಯ ಹವೆ ಇದ್ದರೂ ಇಲ್ಲಿಯವರು ಅದನ್ನೇ ಹೇಳುತ್ತಾರೆ.

ನನ್ನ ನೌಕರಿಯ ಅವಧಿ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಇಲ್ಲಿ ‘ವಾಸ್ಟ್ ಕಾಂಟ್ರಾಕ್ಟ್’ ಎನ್ನುತ್ತಾರೆ, ಖಾಯಂ ನೌಕರಿ; ಅದು ಸಿಕ್ಕರೆ ಮಾತ್ರ ನೆಮ್ಮದಿ. ವಿಲ್ಲೆಮ್‌ಗೆ ಹೇಳುವಾಗ ಅದು ತಲೆಯಲ್ಲಿತ್ತೇ? ಇತ್ತು. ತಲೆಯ ಮುಂದುಗಡೆಯೇ ಇತ್ತು. ನಾನು ಕೆಲಸ ಮಾಡುವವರಿಗೆ ನಿಷ್ಠೆ ತೋರಿಸಿದೆ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ. ನಿಷ್ಠೆಯೇ ಆಗಿದ್ದರೆ ಮೊದಲ ದಿನವೇ ವಿಲ್ಲೆಮ್‌ಗೂ ಹೇಳಿರುತ್ತಿದ್ದೆ, ಅವರಿಗೂ ಹೇಳಿರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇತ್ತು ನನ್ನ ನಿಷ್ಠೆ.

ಮಧ್ಯಾಹ್ನದ ಸಭೆಯಲ್ಲಿ ಕೋಟ್ಯಾನರು ಮೊದಲ ವರ್ಷದ ಬೇಡಿಕೆ ಇಟ್ಟರು. ವಿಲ್ಲೆಮ್ ಕಡತ ಮುಚ್ಚಿ ಹೇಳಿದ: “ಮೊದಲ ವರ್ಷವೂ ಇಲ್ಲ. ಎಂಟನೇ ವರ್ಷ ಅನ್ನುವುದಿದ್ದರೆ ಅದೂ ಇಲ್ಲ. ನಮಗೆ ಅವಸರವಿಲ್ಲ, ಮುಂದಿನ ತಿಂಗಳು ಮತ್ತೆ ಕೂರಬಹುದು.”

ಇಷ್ಟು ಬಿಚ್ಚಿ ಹೇಳುತ್ತಾನೆಂದು ನಾನೂ ಎಣಿಸಿರಲಿಲ್ಲ. ಕೋಟ್ಯಾನರು ವಿಲ್ಲೆಮ್‌ನನ್ನು ನೋಡಲಿಲ್ಲ. ನನ್ನ ಕಡೆ ಕಣ್ಣೂ ಹಾಯಿಸಲಿಲ್ಲ. ನಿಧಾನವಾಗಿ ಪಕ್ಕಕ್ಕೆ ತಿರುಗಿ ಬಂಗೇರರ ಮುಖ ನೋಡಿದರು. ಎಂಟನೇ ವರ್ಷದ ಮಾತು ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತಲ್ಲ. ಒಬ್ಬರು ತಾನು, ಹಾಗಾದರೆ ಇನ್ನೊಬ್ಬ —

ಮರುದಿನ ಸಹಿಯಾಯಿತು, ಹಕ್ಕು ಇಲ್ಲದೆಯೇ. ಎರಡು ದೇಶದವರೂ ಕೈಕುಲುಕಿ ಫೋಟೋ ತೆಗೆಸಿಕೊಂಡರು. ಎಲ್ಲರೂ ಕೋಟು ಹಾಕಿಕೊಂಡು ಹೊರಡುವಾಗ ನಾನು ಗೋಡೆಯ ಈಚೆ ಕಾಗದಪತ್ರ ಜೋಡಿಸುತ್ತಿದ್ದೆ. ಆಚೆಯಿಂದ ಕೋಟ್ಯಾನರ ದನಿ ಕೇಳಿತು. “ಈ ಪಂಡನಾ?” — ನೀನು ಹೇಳಿದೆಯಾ? ಬಂಗೇರರು, “ಯಾನತ್ತ್,” ಎಂದರು. ನಾನಲ್ಲ. ಎರಡು ಜೊತೆ ಬೂಟಿನ ಸದ್ದು ಮೆಟ್ಟಿಲಿಳಿಯಿತು, ಒಂದರ ಹಿಂದೆ ಒಂದು, ನಡುವೆ ಬಹಳ ಅಂತರ ಬಿಟ್ಟು.

ಮೊದಲ ತಪ್ಪಿಗೆ ನೌಕರಿಯ ನೆಪವಾದರೂ ಇತ್ತು. ಈ ಎರಡನೆಯದಕ್ಕೆ ಏನೂ ಇಲ್ಲ. ಸಹಿ ಆಗಿಹೋಗಿತ್ತು, ಹೇಳಿದ್ದರೆ ನಮ್ಮ ಕಡೆಯವರಿಗೆ ನಷ್ಟವಿರಲಿಲ್ಲ. ನಾಲ್ಕು ಹೆಜ್ಜೆ ನಡೆದು, “ಅವರಲ್ಲ, ನಾನು,” ಎಂದಿದ್ದರೆ ಸಾಕಿತ್ತು. ನಾಚಿಕೆಯಾಯಿತು, ಹೆದರಿಕೆಯಾಯಿತು, ಸುಮ್ಮನಿದ್ದೆ. ಕಾಗದ ಜೋಡಿಸುತ್ತಾ ನಿಂತೆ.

ನೌಕರಿ ಖಾಯಮಾಯಿತು. ಶ್ರೀನಿವಾಸ ಪೇಡೆ ತಂದ. ಅಂದಿನಿಂದ ತುಳು ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಆಮೇಲಾಮೇಲೆ ಊರಿನಿಂದ ಅಣ್ಣ ಫೋನ್ ಮಾಡಲು ಶುರುಮಾಡಿದ, ಅವನಿಗೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆ. ಧಾರವಾಡದ ಗಾಳಿ ಜೋರು ಬಡಿದಿದೆ ನಿನಗೆ ಎಂದು ಅವನು ಗೇಲಿ ಮಾಡುತ್ತಿದ್ದ. ಮಗಳಿಗೆ ಒಂದು ಶಬ್ದವನ್ನೂ ಕಲಿಸಲಿಲ್ಲ. ಕದ್ದ ಬಂಗಾರವನ್ನು ಮೈಮೇಲೆ ಹಾಕಿಕೊಳ್ಳಲು ಆಗುತ್ತದೆಯೇ?

ನಡುವೆ ಆ ಎರಡು ದೇಶಗಳ ಸುದ್ದಿಯನ್ನು ಬಿಡದೆ ಓದುತ್ತಿದ್ದೆ. ಸಂಬಂಧ ಕೆಡಲಿಲ್ಲ, ಬೆಳೆಯಿತು. ಮಂತ್ರಿಗಳು ಬಂದರು, ಹೋದರು. ಅನಿಲದ ದೇಶದವರು ನಮ್ಮಲ್ಲಿ ಕಾರ್ಖಾನೆಗೆ ಕೈಜೋಡಿಸಿದರು, ನಮ್ಮವರು ಅಲ್ಲಿ ಬಂದರು ಕಟ್ಟಿಕೊಟ್ಟರು. ಕಾಲ ತಿರುಗಿ, ಅನಿಲ ಮಾರುವವರು ಲೋಕದಲ್ಲಿ ಹೆಚ್ಚಾದಾಗ, ಹಳೆಯ ಒಪ್ಪಂದವನ್ನು ಮತ್ತೆ ತೆರೆದರು. ಹಡಗು ತಿರುಗಿಸುವ ಹಕ್ಕನ್ನು ಕೇಳುವ ಮೊದಲೇ ಕೊಟ್ಟುಬಿಟ್ಟರು. ನಾನು ಕದ್ದು ಕೊಟ್ಟಿದ್ದು ಅವರಿಗೇ ಬೇಡವಾಗಿ ಹೋಯಿತು. ಆ ಸುದ್ದಿ ಓದಿದ ದಿನ ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ದೇಶಗಳಿಗೆ ಮತ್ತೆ ಕೂರಲು ಮೇಜು ಇರುತ್ತದೆ, ಕೂರಿಸಲು ನಮ್ಮಂಥ ಸಂಸ್ಥೆಗಳಿರುತ್ತವೆ. ಆ ಇಬ್ಬರನ್ನು ಕೂರಿಸುವವರು ಯಾರು?

ಅವರ ಸ್ನೇಹ ಏನಾಯಿತೆಂದು ಆಗ ನನಗೆ ಖಚಿತವಿರಲಿಲ್ಲ. ತಿಳಿದದ್ದು ಈ ವರ್ಷ, ಯುಗಾದಿಯ ಊಟದಲ್ಲಿ.

ವೆಲ್ಡ್‌ಹೋವನ್ ಕಡೆ ನಮ್ಮವರು ಬಹಳ. ಕಂಪ್ಯೂಟರಿನ ಚಿಪ್ ಮಾಡುವ ಯಂತ್ರಗಳ ಕಂಪನಿಯಲ್ಲಿ ಕೆಲಸ ಅವರಿಗೆಲ್ಲ. ಒಂದು ಬಾಡಿಗೆ ಸಭಾಂಗಣದಲ್ಲಿ ಒಬ್ಬಟ್ಟು, ಕೋಸಂಬರಿ, ಮಕ್ಕಳ ಗಲಾಟೆ. ಪಲ್ಯದ ಪಾತ್ರೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು ನನ್ನನ್ನೇ ನೋಡಿದರು.

“ನಿಮ್ಮನ್ನು ಎಲ್ಲಿಯೋ ನೋಡಿದ ಹಾಗೆ ಉಂಟಲ್ಲಾ. ಹಾರ್ಲೆಮ್... ಹೌದು, ನೀವು ಧಾರವಾಡದವರು ಅಲ್ವಾ?”

ಜಗನ್ನಾಥ ಬಂಗೇರರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಗಳು ಇಲ್ಲಿ ಎಂಜಿನಿಯರ್, ಮೂರು ತಿಂಗಳಿಗೆ ಬಂದಿದ್ದರು. ನಾನು ತಲೆಯಾಡಿಸಿದೆ — ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದ ಹಾಗೆ. ಒಟ್ಟಿಗೆ ಕುಳಿತು ಊಟ ಮಾಡಿದೆವು. ಕೋಟ್ಯಾನರು ಹೇಗಿದ್ದಾರೆ ಎಂದು ಕೇಳಿಯೇಬಿಟ್ಟೆ. ಅವರು ಒಬ್ಬಟ್ಟು ಮುರಿಯುವುದನ್ನು ನಿಲ್ಲಿಸಿದರು.

“ನಮಗೆ ಮಾತಿಲ್ಲ ಮಾರಾಯ್ರೇ. ನಿಮ್ಮ ಆ ಮೀಟಿಂಗಿನಿಂದ ಈಚೆಗೆ ಇಲ್ಲ. ಎಂತದೋ ಒಂದು ವಿಷಯ ಹೊರಗೆ ಹೋಯ್ತು. ನಾನು ಹೇಳಿದ್ದು ಅಂತ ಅವನ ತಲೆಯಲ್ಲಿ. ಅವನೇ ಎಲ್ಲಿಯೋ ಬಾಯಿ ಬಿಟ್ಟು ನನ್ನ ಮೇಲೆ ಹಾಕಿದ ಅಂತ ನನ್ನ ತಲೆಯಲ್ಲಿ. ಮಗಳ ಮದುವೆಗೂ ಬರ್ಲಿಲ್ಲ ಅವ. ಇವಳನ್ನು ಎತ್ತಿ ಆಡಿಸಿದವ.” ಮತ್ತೆ, “ಬಿಡಿ, ಹಬ್ಬದ ದಿನ ಎಂತಕ್ಕೆ ಅದು,” ಎಂದು ತಟ್ಟೆಗೆ ಕೈಹಾಕಿದರು.

ಬೇವು-ಬೆಲ್ಲ ತಿಂದ ದಿನವೇ ಇದನ್ನು ಕೇಳಬೇಕಾಯಿತು. ಮನೆಗೆ ಬರುವ ರೈಲಿನಲ್ಲಿ ಶ್ರೀನಿವಾಸನಿಗೆ ಎಲ್ಲ ಹೇಳಿದೆ. ಒಂಬತ್ತು ವರ್ಷ ಅವನಿಗೂ ಹೇಳಿರಲಿಲ್ಲ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಹಿತವಾಗುತ್ತಿತ್ತು. “ಹೋಗಿ ಹೇಳಿ ಬಾ,” ಎಂದ. “ಇಷ್ಟು ವರ್ಷ ಹೊಟ್ಯಾಗ ಇಟ್ಕೊಂಡೀಯಲ್ಲ, ಮೊಸರಾಗೇತೇನು ಅದು? ಮತ್ತ ನಮ್ಮ ಧಾರವಾಡದ ಹೆಸರು ಯಾಕ ಕೆಡಿಸಿದಿ?”

ಹೋಗಲು ಮತ್ತೆ ಮೂರು ವಾರ ಹಿಡಿಯಿತು. ಒಮ್ಮೆ ಐಂಡ್‌ಹೋವನ್‌ವರೆಗೆ ರೈಲಿನಲ್ಲಿ ಹೋಗಿ, ವೆಲ್ಡ್‌ಹೋವನ್ ಕಡೆಯ ಬಸ್ಸು ಹತ್ತದೆ ವಾಪಸು ಬಂದೆ. ಎರಡನೆಯ ಸಲ ಹತ್ತಿದೆ. ಬಂಗೇರರ ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ಅವರೊಬ್ಬರೇ ಇದ್ದರು, ತಾವೇ ಚಹಾ ಮಾಡಿ, ಮಂಗಳೂರಿನಿಂದ ತಂದ ಚಕ್ಕುಲಿ ತಟ್ಟೆಗೆ ಹಾಕಿ ಇಟ್ಟರು. ಬೆಳಗಿನ ಹನ್ನೊಂದು ಗಂಟೆ, ಮೇಜಿನ ತುಂಬ ಬಿಸಿಲು. ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದ ಪೀಠಿಕೆಯೆಲ್ಲ ಮರೆತೇಹೋಯಿತು. ಬಾಯಿಗೆ ಬಂದದ್ದು ಒಂದೇ.

“ಎಂಕ್ ತುಳು ಬರ್ಪುಂಡು,” ಎಂದೆ.

ನನಗೆ ತುಳು ಬರುತ್ತದೆ. ಅವರು ಮೊದಲು ನಕ್ಕರು, ಸೊಸೆಯಾಗಿ ಬಂದವರು ಎಲ್ಲೋ ನಾಲ್ಕು ಮಾತು ಕಲಿತು ಹೇಳಿದಾಗ ನಗುವ ಹಾಗೆ. ನಾನು ಮುಂದುವರಿಸಿದೆ. ಕಾಪು, ಅಮ್ಮ, ಧಾರವಾಡ ಎಂದದ್ದು, ಕಿಟಕಿಯ ಹತ್ತಿರದ ಮಾತು, ಎಂಟನೇ ವರ್ಷ, ಕಾಫಿ ಯಂತ್ರ, ವಿಲ್ಲೆಮ್. ಎಲ್ಲ ತುಳುವಿನಲ್ಲೇ, ಎಷ್ಟೋ ಕಡೆ ಶಬ್ದ ಸಿಗದೆ ತಡವರಿಸಿದೆ. ಗೋಡೆಯ ಈಚೆ ನಿಂತು “ಯಾನತ್ತ್” ಎಂಬ ಅವರ ಮಾತನ್ನು ಕೇಳಿಸಿಕೊಂಡೂ ಸುಮ್ಮನಿದ್ದದ್ದನ್ನು ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ.

ಎದ್ದು ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿದರು, ಸುಮ್ಮನೆ ಹರಿಯಲು ಬಿಟ್ಟು ನಿಂತರು, ಮತ್ತೆ ನಿಲ್ಲಿಸಿದರು. ತಿರುಗಿದಾಗ ದನಿ ಏರಿತ್ತು. ತುಳುವಿನಲ್ಲಲ್ಲ — ಕನ್ನಡದಲ್ಲಿ ಬೈದರು. ತುಳುವಿನ ಸಲಿಗೆಯನ್ನು ನನಗೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ.

“ಒಂಬತ್ತು ವರ್ಷ! ನಿಮಗೆ ಎಂತ ಗೊತ್ತುಂಟು? ನಾನು ಅವನನ್ನು ಎಂತೆಂತ ಅಂದ್ಕೊಂಡೆ ಗೊತ್ತುಂಟಾ? ಕಳ್ಳ ಅಂದೆ. ನನ್ನ ಹೆಂಡತಿಯ ಹತ್ತಿರ, ಮಗಳ ಹತ್ತಿರ ಅಂದೆ. ಅವ ಕಳ್ಳ ಅಲ್ಲ. ನಾನೂ ಅಲ್ಲ.”

“ಅಲ್ಲ,” ಎಂದೆ. “ಕಳ್ಳಿ ನಾನು.”

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಕ್ಷಮೆ ಕೇಳಿದರೆ ಕೊಡಬೇಕಾಗುತ್ತದೆ, ಆ ಕೆಲಸ ಅವರ ತಲೆಗೆ ಬೇಡ ಎಂದು ನನಗೂ ಅನಿಸಿತು. ಚಹಾ ತಣ್ಣಗಾಯಿತು. ಎದ್ದು ಹೋಗಬೇಕೇ, ಕೂತಿರಬೇಕೇ ತಿಳಿಯದೆ ಕೂತಿದ್ದೆ. ವಿಚಿತ್ರವೆಂದರೆ ಅವರು ಬೈಯುತ್ತಿರುವಾಗಲೇ ನನ್ನ ಎದೆಯ ಮೇಲಿನ ಭಾರ ಇಳಿಯಲು ಶುರುವಾಗಿತ್ತು. ಬೈಸಿಕೊಳ್ಳುತ್ತಿದ್ದವಳು ನಾನೇ ಆಗಿದ್ದೆ, ಸರಿಯಾದ ಮನುಷ್ಯಳಿಗೇ ಬೈಗುಳ ಬೀಳುತ್ತಿತ್ತು. ಇಷ್ಟು ವರ್ಷ ಅದು ತಪ್ಪು ವಿಳಾಸಕ್ಕೆ ಹೋಗುತ್ತಿತ್ತಲ್ಲ.

ಅವರು ಫೋನ್ ಕೈಗೆ ತೆಗೆದುಕೊಂಡರು. ನಂಬರು ಹುಡುಕಲಿಲ್ಲ, ಬಾಯಿಪಾಠದಿಂದಲೇ ಒತ್ತಿದರು. ಊರಲ್ಲಿ ಆಗ ಮಧ್ಯಾಹ್ನ ಮೂರರ ಮೇಲಾಗಿತ್ತು. ರಿಂಗಾಯಿತು, ಕಡಿಯಿತು. ಮತ್ತೆ ಒತ್ತಿದರು. ಈ ಸಲ ಕೋಟ್ಯಾನರು ಎತ್ತಿದರು.

“ಪದ್ದು, ಯಾನ್ ಜಗ್ಗು,” ಎಂದರು. ಇವರು ಅವಸರದಲ್ಲಿ, ಎಲ್ಲಿ ಇಟ್ಟುಬಿಡುತ್ತಾನೋ ಎಂಬ ಹೆದರಿಕೆಯಲ್ಲಿ, “ನಾನು ಹೇಳಿದ್ದಲ್ಲ, ನೀನೂ ಅಲ್ಲ, ಒಬ್ಬರು ಇದ್ದಾರೆ ಇಲ್ಲಿ, ಅವರ ಬಾಯಿಂದ ಕೇಳು,” ಎಂದು ತುಳುವಿನಲ್ಲಿ ಒಂದೇ ಉಸಿರಿಗೆ ಹೇಳಿ, ದನಿ ಹೊರಗೆ ಕೇಳುವ ಹಾಗೆ ಮಾಡಿ ಫೋನನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟರು.

ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಸುಲಭವಿರಲಿಲ್ಲ. ಮುಖ ಕಾಣದ ಮನುಷ್ಯನಿಗೆ, ಮೇಜಿನ ಮೇಲಿನ ಫೋನಿಗೆ ಹೇಳಿದೆ. ನಡುವೆ ಅವರು ಒಮ್ಮೆಯೂ ತಡೆಯಲಿಲ್ಲ. ನಂಬಬೇಕಲ್ಲ ಎಂದು, ಆ ದಿನ ಕಿಟಕಿಯ ಹತ್ತಿರ ಅವರಾಡಿದ ಕೊನೆಯ ಮಾತನ್ನು ಅವರಿಗೇ ತಿರುಗಿ ಹೇಳಿದೆ. ಏರೆಡಲಾ ಪನೊಡ್ಚಿ.

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಆಮೇಲೆ ಕೋಟ್ಯಾನರು, ಮುದುಕರಾದ ದನಿಯಲ್ಲಿ, ಕೇಳಿದರು:

“ಈರೆನ ಇಲ್ಲ್ ಓಲು?”

ನಿಮ್ಮ ಮನೆ ಎಲ್ಲಿ. ಒಂಬತ್ತು ವರ್ಷದ ಹಿಂದೆ ಚಹಾ ಲೋಟ ಹಿಡಿದುಕೊಂಡು ಬಂದು ಕೇಳಿದ್ದೂ ಇದನ್ನೇ. ನಮ್ಮ ಕಡೆಯವರು ಎಲ್ಲಕ್ಕಿಂತ ಮೊದಲು ಕೇಳುವುದು, ಕೊನೆಗೂ ಕೇಳುವುದು ಇದೇ.

“ಕಾಪು,” ಎಂದೆ.

“ಕಾಪು,” ಎಂದು ಅವರೂ ಒಮ್ಮೆ ಹೇಳಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. “ಜಗ್ಗೂ,” ಎಂದು ಕರೆದರು. ಬಂಗೇರರು ಕುರ್ಚಿಯನ್ನು ಎಳೆದುಕೊಂಡು ಫೋನಿನ ಹತ್ತಿರ ಬಾಗಿದರು. ಕಣ್ಣೊರೆಸಿಕೊಂಡರು. ಏನೋ ಹೇಳಲು ಬಾಯಿ ತೆರೆದವರು ತಲೆಯೆತ್ತಿ ನನ್ನ ಕಡೆ ನೋಡಿದರು, ಒಂದು ಕ್ಷಣ.

ನನಗೆ ತಿಳಿಯಿತು. ನನಗೆ ತುಳು ಬರುತ್ತದಲ್ಲ.

ಎದ್ದು ಕೋಟು ತೆಗೆದುಕೊಂಡೆ, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಬಸ್ಸಿನ ನಿಲ್ದಾಣ ರಸ್ತೆಯ ಆಚೆ ಇತ್ತು, ಇಲ್ಲಿಯ ಎಲ್ಲ ಮನೆಗಳ ಹಾಗೆ ಆ ಮನೆಯ ದೊಡ್ಡ ಗಾಜಿನ ಕಿಟಕಿಗೂ ಪರದೆ ಇರಲಿಲ್ಲ. ಬಂಗೇರರು ಎರಡೂ ಕೈ ಆಡಿಸುತ್ತಾ ಮಾತಾಡುತ್ತಿದ್ದರು, ಮಾತಾಡುತ್ತಲೇ ಇದ್ದರು. ಒಮ್ಮೆ ತಲೆ ಹಿಂದಕ್ಕೆ ಹಾಕಿ ನಕ್ಕರು. ಏನು ಹೇಳುತ್ತಿದ್ದರೋ ಒಂದು ಮಾತೂ ನನಗೆ ಕೇಳಿಸಲಿಲ್ಲ.